ಸುಣ್ಣದ ಗೆರೆಯ ನ್ಯಾಯ

ನಮ್ಮ ಶಾಲೆಗಳಿಗೆ ಮೊದಲು ಬಂದದ್ದು ಓಟವಲ್ಲ, ಕವಾಯತು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಗದರುತ್ತಿದ್ದ ಮೇಷ್ಟ್ರು ಎಷ್ಟೋ ಕಡೆ ಪಲ್ಟನ್ನಿನಿಂದ ನಿವೃತ್ತಿಯಾಗಿ ಬಂದ ಸಿಪಾಯಿಯೇ ಆಗಿರುತ್ತಿದ್ದರು. 1882ರ ಹಂಟರ್ ಆಯೋಗ ಶಾಲೆಗಳಲ್ಲಿ ದೇಶೀ ಆಟ, ಅಂಗಸಾಧನೆ, ಡ್ರಿಲ್ಲು ಎಲ್ಲವನ್ನೂ ಪ್ರೋತ್ಸಾಹಿಸಿ ಎಂದೇ ಹೇಳಿತ್ತು. ಬೇರೂರಿದ್ದು ಮಾತ್ರ ಡ್ರಿಲ್ಲು. ಅದಕ್ಕೆ ಮೈದಾನ ಬೇಡ, ಸಾಮಾನು ಬೇಡ, ಇನ್ಸ್‌ಪೆಕ್ಟರು ಬಂದ ದಿನ ನೋಡಲು ಅಚ್ಚುಕಟ್ಟು. ನೂರು ಮಕ್ಕಳ ಕೈ ಒಟ್ಟಿಗೆ ಮೇಲೆದ್ದರೆ ಶಾಲೆ ಚೆನ್ನಾಗಿ ನಡೆಯುತ್ತಿದೆ ಎಂದು ಲೆಕ್ಕ. ಆ ನೂರರಲ್ಲಿ ಯಾವ ಮಗುವಿನ ಕಾಲಿಗೆ ಎಷ್ಟು ಓಟವಿದೆ, ಯಾವ ತೋಳಿಗೆ ಎಷ್ಟು ಎಸೆತವಿದೆ ಎಂದು ಕವಾಯತು ಕೇಳುತ್ತಿರಲಿಲ್ಲ.

ನಾನು ಶಿರಾ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ನೌಕರಿ ಮುಗಿಸಿದವನು. ಕಾಗದದಲ್ಲಿ ಹುದ್ದೆಯ ಹೆಸರು ಉದ್ದ. ಊರವರ ಬಾಯಲ್ಲಿ ನಾನು ಕೊನೆಯವರೆಗೂ ಡ್ರಿಲ್ ಮೇಷ್ಟ್ರೇ. ಹಂಟರ್ ಆಯೋಗದ ಕಾಲದ ಆ ಬಿರುದು ನೂರು ವರ್ಷ ಕಳೆದರೂ ನಮ್ಮ ಬೆನ್ನು ಬಿಟ್ಟಿಲ್ಲ. ಡ್ರಿಲ್ಲಿನಿಂದ ಕ್ರೀಡಾಕೂಟದವರೆಗೆ ನಮ್ಮ ಶಾಲೆಗಳು ನಡೆದ ದಾರಿಯನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಪದಕ ಗೆದ್ದವರ ಚರಿತ್ರೆ ಪತ್ರಿಕೆಗಳಲ್ಲಿ ಸಿಗುತ್ತದೆ. ಶಾಲೆಯ ಅಂಗಳದಲ್ಲಿ ಏನಾಯಿತು ಎಂಬುದು ಅಲ್ಲಿ ಸಿಗುವುದಿಲ್ಲ.

ಕನ್ನಡ ನಾಡು ಆಗ ಒಂದೇ ಆಗಿರಲಿಲ್ಲ, ಶಾಲೆಯ ವ್ಯಾಯಾಮವೂ ಒಂದೇ ಬಗೆಯದಾಗಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿನ ಮಕ್ಕಳ ಕೈಯಲ್ಲಿ ಲೇಜೀಮು ಝಣಗುಟ್ಟುತ್ತಿತ್ತು, ಬಾಯಲ್ಲಿ ಕಬಡ್ಡಿಯ ಹುತುತು ಇತ್ತು. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಖೋಖೋಗೆ ಬರಹದ ನಿಯಮ ಸಿಕ್ಕಿದ ಮೇಲೆ ಆ ಆಟವೂ ಅತ್ತ ಕಡೆಯಿಂದಲೇ ನಮ್ಮತ್ತ ಇಳಿಯಿತು. ಮೈಸೂರು ಸೀಮೆಯಲ್ಲಿ ಗರಡಿಮನೆಯ ದಂಡ, ಬಸ್ಕಿ, ಸಾಮು ಇದ್ದವು. ಆದರೆ ಗರಡಿ ಶಾಲೆಯ ಹೊರಗಿನ ಲೋಕ. ಅಲ್ಲಿ ಉಸ್ತಾದರ ಮಾತೇ ಶಾಸನ, ಪ್ರವೇಶವೂ ಎಲ್ಲರಿಗೂ ಇರಲಿಲ್ಲ. ಮಂಗಳೂರು, ಬಳ್ಳಾರಿಗಳು ಮದರಾಸಿನ ಕಡೆಗೆ ನೋಡುತ್ತಿದ್ದವು.

ಆ ಮದರಾಸಿನಲ್ಲೇ ದಕ್ಷಿಣದ ಶಾಲಾ ಕ್ರೀಡೆಗೆ ತಿರುವು ಸಿಕ್ಕಿತು. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ವ್ಯಾಯಾಮ ಶಿಕ್ಷಕ 1920ರಲ್ಲಿ ವೈ.ಎಂ.ಸಿ.ಎ. ಪರವಾಗಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ಸಿಪಾಯಿಯ ಗದರಿಕೆ ಗೊತ್ತಿದ್ದರೆ ಮೇಷ್ಟ್ರಾಗಬಹುದು ಎಂಬ ನಂಬಿಕೆ ಅಲ್ಲಿಂದ ಸಡಿಲವಾಯಿತು. ದೇಹದ ರಚನೆ ಗೊತ್ತಿರಬೇಕು, ಆಟದ ನಿಯಮ ಗೊತ್ತಿರಬೇಕು, ಓಟದ ಹಾದಿ ಅಳೆದು ಹಾಕಲು ಬರಬೇಕು ಎಂದಾಯಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಜೊತೆಗೂ ಬಕ್ ಇದ್ದರು. ಅವರ ಶಾಲೆಯಲ್ಲಿ ಕಲಿತವರು ದಕ್ಷಿಣದ ಊರೂರಿಗೆ ಹರಡಿದರು. ಮುಂಬಯಿ ಕಡೆಯ ಜಿಲ್ಲೆಗಳಿಗೆ 1938ರ ಹೊತ್ತಿಗೆ ಕಾಂದಿವಲಿಯಲ್ಲಿ ಇಂಥದೇ ತರಬೇತಿ ಸಂಸ್ಥೆ ಬಂತು. ನನಗೆ ಬೆಂಗಳೂರಿನಲ್ಲಿ ತರಬೇತಿ ಕೊಟ್ಟ ಹಿರಿಯರಲ್ಲಿ ಮದರಾಸಿನ ಗರಡಿಯಲ್ಲಿ ಪಳಗಿದವರು ಇದ್ದರು. ಷೂ ಲೇಸು ಬಿಗಿಯಾಗಿ ಕಟ್ಟದೆ ಮೈದಾನಕ್ಕೆ ಕಾಲಿಟ್ಟರೆ ಅವರು ವಾಪಸ್ ಕಳಿಸುತ್ತಿದ್ದರು.

ಆ 1920ರಲ್ಲೇ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿದರು. ಆ ವರ್ಷದ ದೂರ 42.75 ಕಿಲೋಮೀಟರ್, ಈಗಿನದಕ್ಕಿಂತ ಹೆಚ್ಚು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ದೊರಾಬ್ಜಿ ಟಾಟಾ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕೂಟದಲ್ಲಿ ಬರಿಗಾಲಿನಲ್ಲಿ ಓಡುವ ರೈತಾಪಿ ಹುಡುಗರನ್ನು ನೋಡಿ ಬೆರಗಾಗಿ, ಇವರನ್ನು ಹೊರದೇಶಕ್ಕೆ ಕಳಿಸಬೇಕೆಂದು ಹೊರಟಿದ್ದರಿಂದ ಅದು ಸಾಧ್ಯವಾಯಿತು. ನನ್ನ ತರಗತಿಗಳಲ್ಲಿ ಚೌಗುಲೆಯವರ ಹೆಸರು ಹೇಳದೆ ಯಾವ ವರ್ಷವನ್ನೂ ಶುರು ಮಾಡಿದವನಲ್ಲ ನಾನು. ಕನ್ನಡ ನಾಡಿನ ಮಣ್ಣಿನಿಂದ ಹೋದ ಓಟಗಾರ ನೂರು ವರ್ಷದ ಹಿಂದೆ ಒಲಿಂಪಿಕ್ಸ್ ಮ್ಯಾರಥಾನ್ ಮುಗಿಸಿದ್ದರು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಎದ್ದು ಕಾಣುವಂತೆ ಇರಬೇಕಿತ್ತು.

ಸ್ವಾತಂತ್ರ್ಯದ ನಂತರ ದೆಹಲಿಯಿಂದ ಯೋಜನೆಗಳ ಮೇಲೆ ಯೋಜನೆ ಬಂದವು. 1953ರಲ್ಲಿ ರಾಜಕುಮಾರಿ ಅಮೃತ್ ಕೌರ್ ತರಬೇತಿ ಯೋಜನೆ, 1954ರಲ್ಲಿ ಜನರಲ್ ಭೋಂಸ್ಲೆಯವರ ರಾಷ್ಟ್ರೀಯ ಶಿಸ್ತು ಯೋಜನೆ, ಅದೇ ವರ್ಷ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್, 1959–60ರಲ್ಲಿ ದೇಹದಾರ್ಢ್ಯ ಪರೀಕ್ಷೆಯ ರಾಷ್ಟ್ರೀಯ ಆಂದೋಲನ. ಈ ಕೊನೆಯದನ್ನು ಹುಡುಗನಾಗಿ ನಾನೂ ಕಂಡೆ. ಓಡಬೇಕು, ಜಿಗಿಯಬೇಕು, ಎಸೆಯಬೇಕು. ನಿಗದಿಯಾದ ಮಟ್ಟ ಮುಟ್ಟಿದರೆ ಅಂಗಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ. ಪಕ್ಕದವನನ್ನು ಸೋಲಿಸುವುದಲ್ಲ, ಗೆರೆಯನ್ನು ದಾಟುವುದು. ಎಲ್ಲರೂ ಪಡೆಯಬಹುದಾದ ಬಹುಮಾನವೊಂದು ಇರಬಹುದು ಎಂದು ನನಗೆ ಹೊಳೆದದ್ದು ಆಗಲೇ. 1964–66ರ ಕೊಠಾರಿ ಆಯೋಗ ಒಂದು ಎಚ್ಚರಿಕೆ ಹೇಳಿತು: ದೈಹಿಕ ಶಿಕ್ಷಣವೆಂದರೆ ಬರೀ ಮೈಗಟ್ಟಿ ಮಾಡುವುದು ಎಂದುಕೊಂಡು ಅದರೊಳಗಿನ ಶಿಕ್ಷಣವನ್ನು ಮರೆಯುತ್ತಿದ್ದೀರಿ ಎಂದು. ಆ ಎಚ್ಚರಿಕೆ ಇವತ್ತಿಗೂ ಹಳತಾಗಿಲ್ಲ.

ಈ ಎಲ್ಲ ವರದಿಗಳಿಗಿಂತ ನಮ್ಮ ಹಳ್ಳಿಗಳನ್ನು ಹೆಚ್ಚು ಬದಲಾಯಿಸಿದ್ದು ವರ್ಷಕ್ಕೊಮ್ಮೆ ಬರುವ ಕ್ರೀಡಾಕೂಟದ ಏಣಿ. ಶಾಲೆ, ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಆಗಸ್ಟ್ ಬಂತೆಂದರೆ ಅದರ ಸಡಗರ. ಪಥಸಂಚಲನ, ಕ್ರೀಡಾಜ್ಯೋತಿ, ಪ್ರಮಾಣವಚನ ಎಲ್ಲ ಮುಗಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತಿತ್ತು. ಆ ಕೆಲಸದ ತಳಪಾಯ ಮಾತ್ರ ಅದಕ್ಕೂ ಒಂದು ವಾರ ಮೊದಲೇ ಬಿದ್ದಿರುತ್ತಿತ್ತು, ಟ್ರ್ಯಾಕ್ ಹಾಕುವುದರಲ್ಲಿ.

ನಮ್ಮ ಸೀಮೆಯಲ್ಲಿ ಸಮತಟ್ಟಾದ ದೊಡ್ಡ ಜಾಗವೆಂದರೆ ಕೆರೆಯಂಗಳ. ಮಳೆ ಕೈಕೊಟ್ಟ ವರ್ಷ ಬತ್ತಿದ ಕೆರೆಯೇ ಮೈದಾನ. ಬೆಂಗಳೂರಿನ ಕಂಠೀರವ ಕ್ರೀಡಾಂಗಣವೂ ಸಂಪಂಗಿ ಕೆರೆಯ ಅಂಗಳದಲ್ಲೇ ಎದ್ದದ್ದು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ನೆಲವೂ ಅದೇ. ವ್ಯತ್ಯಾಸವೆಂದರೆ ಅಲ್ಲಿ ಕೆರೆ ಮರಳಿ ತುಂಬಲಿಲ್ಲ. ನಮ್ಮಲ್ಲಿ ತುಂಬುತ್ತಿತ್ತು, ತುಂಬಲಿ ಎಂದೇ ನಾವೂ ಹಾರೈಸುತ್ತಿದ್ದೆವು.

200 ಮೀಟರಿನ ಟ್ರ್ಯಾಕ್ ಹಾಕುವ ಬಗೆ ಹೇಳುತ್ತೇನೆ. ಎರಡು ನೇರ ಬದಿ, ತಲಾ 40 ಮೀಟರ್. ಎರಡು ತಿರುವು, ತಲಾ 60 ಮೀಟರ್. 60ನ್ನು ಪೈನಿಂದ ಭಾಗಿಸಿದರೆ 19.10. ಓಟಗಾರ ಒಳಗೆರೆಯ ಮೇಲೆ ಓಡುವುದಿಲ್ಲ, 20 ಸೆಂಟಿಮೀಟರ್ ಆಚೆ ಓಡುತ್ತಾನೆಂದು ಲೆಕ್ಕ. ಅದನ್ನು ಕಳೆದರೆ 18.90. ಅಷ್ಟು ಉದ್ದದ ತಂತಿಯನ್ನು ಗೂಟಕ್ಕೆ ಕಟ್ಟಿ ಅರ್ಧ ವೃತ್ತ ಎಳೆಯಬೇಕು. ತೆಂಗಿನ ನಾರಿನ ಹಗ್ಗ ಬೇಡ. ಎಳೆದರೆ ಹಿಗ್ಗುತ್ತದೆ, ಇಬ್ಬನಿಗೆ ಕುಗ್ಗುತ್ತದೆ. ಮೂಲೆಗಳು ನೇರವಾಗಿವೆಯೇ ಎಂದು ನೋಡಲು 3, 4, 5 ಮೀಟರಿನ ಹಗ್ಗದ ತ್ರಿಕೋನ. ಆರು ಲೇನು, ಒಂದೊಂದು 1.22 ಮೀಟರ್ ಅಗಲ. ಎಲ್ಲ ಸೇರಿ 93 ಮೀಟರ್ ಉದ್ದ, 53 ಮೀಟರ್ ಅಗಲದ ಜಾಗ ಬೇಕು. ಇಷ್ಟೂ ಕೆಲಸವನ್ನು ಒಂಬತ್ತನೇ ತರಗತಿಯ ಮಕ್ಕಳ ಕೈಯಲ್ಲೇ ಮಾಡಿಸುತ್ತಿದ್ದೆ. ಗಣಿತದ ಮೇಷ್ಟ್ರು ಕರಿಹಲಗೆಯ ಮೇಲೆ ಬರೆಸಿದ ಪೈ ಯಾರಿಗೂ ಬೇಡವಾಗಿತ್ತು. ಗೂಟ ಹಿಡಿದು ನಿಂತ ಹುಡುಗ ಮಾತ್ರ ಅದನ್ನು ಬಿಡುತ್ತಿರಲಿಲ್ಲ. ಆ ಸಂಖ್ಯೆ ಒಂದಿಷ್ಟು ತಪ್ಪಿದರೆ ಎರಡು ತುದಿಯ ಸುಣ್ಣದ ಗೆರೆಗಳು ಕೂಡುವುದಿಲ್ಲ ಎಂಬುದು ಅವನ ಕಣ್ಣೆದುರೇ ಇರುತ್ತಿತ್ತು.

ಇನ್ನು ಸ್ಟ್ಯಾಗರ್. ಹೊರ ಲೇನಿನಲ್ಲಿ ಓಡುವವರು ತಿರುವಿನಲ್ಲಿ ಹೆಚ್ಚು ದೂರ ಸುತ್ತಬೇಕಾದ್ದರಿಂದ ಅವರನ್ನು ಅಷ್ಟೇ ಮುಂದೆ ನಿಲ್ಲಿಸಬೇಕು. ಒಂದು ಸುತ್ತಿಗೆ ಒಂದೊಂದು ಲೇನಿಗೂ 7.66 ಮೀಟರ್. ಟ್ರ್ಯಾಕ್ ಸಣ್ಣದಿರಲಿ, ದೊಡ್ಡದಿರಲಿ, ಲೇನಿನ ಅಗಲ ಅದೇ ಇದ್ದರೆ ಈ ಅಂತರ ಬದಲಾಗುವುದಿಲ್ಲ. ಇದನ್ನು ಮಕ್ಕಳು ಎಂದೂ ಮೊದಲ ಸಲಕ್ಕೆ ನಂಬುತ್ತಿರಲಿಲ್ಲ, ಅಳೆದು ನೋಡಿಯೇ ನಂಬುತ್ತಿದ್ದರು. ಆರನೇ ಲೇನಿನ ಹುಡುಗ ಮೊದಲನೇ ಲೇನಿನವನಿಗಿಂತ 38 ಮೀಟರಿಗೂ ಹೆಚ್ಚು ಮುಂದೆ ನಿಂತಿರುತ್ತಾನೆ.

ಪ್ರತಿ ಊರಿನಲ್ಲೂ ಪ್ರತಿ ವರ್ಷ ಇಲ್ಲಿ ಜಗಳ ಎದ್ದೇ ಏಳುತ್ತಿತ್ತು. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಎದ್ದು ಬರುತ್ತಿದ್ದರು.

"ಮೇಷ್ಟ್ರೇ, ನಮ್ಮ ಹುಡುಗನ್ನ ಹಿಂದೆ ನಿಲ್ಸಿ, ಆ ಹುಡುಗನ್ನ ಅಷ್ಟು ಮುಂದೆ ನಿಲ್ಸಿದೀರಲ್ಲ, ಇದ್ಯಾವ ನ್ಯಾಯ?"

"ಗೌಡ್ರೇ, ಅವನು ಹೊರಗಡೆ ಸುತ್ತಬೇಕು. ದಾರಿ ಉದ್ದ."

"ಉದ್ದ ಅಂತ ನಿಮಗೆ ಹೇಳ್ದೋರು ಯಾರು?"

ಟೇಪು ಕೊಡುತ್ತಿದ್ದೆ. ಒಂದು ತುದಿ ಅವರ ಕೈಗೆ, ಇನ್ನೊಂದು ತುದಿ ಹುಡುಗನ ಕೈಗೆ. ತಿರುವಿನುದ್ದಕ್ಕೂ ಬಗ್ಗಿ ಅಳೆದುಕೊಂಡು ಬಂದವರು ಮರು ಮಾತಾಡದೆ ಕೂರುತ್ತಿದ್ದರು. ಕೆಲವರು ಮುಂದಿನ ವರ್ಷ ತಾವೇ ನಿಂತು ಬೇರೆಯವರಿಗೆ ವಿವರಿಸುತ್ತಿದ್ದರು. ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದೇ ಸಮಾನತೆ ಎಂದು ತಿಳಿದಿದ್ದ ಊರಿಗೆ ಆ ಸುಣ್ಣದ ಗೆರೆ ಬೇರೆಯದನ್ನು ತೋರಿಸುತ್ತಿತ್ತು. ಯಾರ ದಾರಿ ಉದ್ದ, ಯಾರದು ಮೋಟು ಎಂದು ಮೊದಲು ಅಳೆಯಬೇಕು, ಆಮೇಲೆ ಸೀಟಿ ಊದಬೇಕು. ನಮ್ಮ ಶಾಲಾ ಕ್ರೀಡೆ ಮಕ್ಕಳಿಗೆ ಕೊಟ್ಟ ದೊಡ್ಡ ಪಾಠ ಇದೇ ಎಂದು ನಾನು ನಂಬಿದ್ದೇನೆ. ತಾಕತ್ತು, ಶಿಸ್ತು, ಛಲ ಎಂದು ಭಾಷಣಗಳಲ್ಲಿ ಹೇಳುವುದೆಲ್ಲ ಇದರ ನಂತರದ್ದು. ಅಳತೆ ಎಲ್ಲರಿಗೂ ಒಂದೇ, ಅದನ್ನು ಯಾರು ಬೇಕಾದರೂ ಮತ್ತೆ ಅಳೆದು ನೋಡಬಹುದು ಎಂಬ ಅನುಭವ ಹಳ್ಳಿಯ ಮಗುವಿಗೆ ಬೇರೆಲ್ಲಿ ಸಿಗುತ್ತಿತ್ತು? ಸಂತೆಯ ತಕ್ಕಡಿಯಲ್ಲಿ ಸಿಗುತ್ತಿರಲಿಲ್ಲ, ಕೂಲಿಯ ಲೆಕ್ಕದಲ್ಲಿ ಸಿಗುತ್ತಿರಲಿಲ್ಲ.

ಅಳತೆಯೂ ಈ ಕಾಲದಲ್ಲಿ ಬದಲಾಗುತ್ತಿತ್ತು ಎಂಬುದನ್ನು ಸೇರಿಸಬೇಕು. ನಮ್ಮ ಹಿರಿಯರು ಓಡಿದ್ದು 100 ಗಜ, 220 ಗಜ, 440 ಗಜ. 1956ರಲ್ಲಿ ತೂಕ ಮತ್ತು ಅಳತೆಯ ಕಾಯಿದೆ ಬಂದು ದೇಶ ಮೀಟರಿಗೆ ತಿರುಗಿದಾಗ ಶಾಲೆಯ ಮೈದಾನವೂ ತಿರುಗಿತು. 100 ಗಜವೆಂದರೆ 91.44 ಮೀಟರ್. ಅಪ್ಪನ ನೂರು ಗಜದ ಸಮಯವನ್ನೂ ಮಗನ ನೂರು ಮೀಟರಿನ ಸಮಯವನ್ನೂ ಪಕ್ಕಪಕ್ಕ ಇಟ್ಟು ಮಗನನ್ನು ಹೀಗಳೆಯುತ್ತಿದ್ದ ಮನೆಗಳಿಗೆ ಹೋಗಿ ಲೆಕ್ಕ ಬಿಡಿಸಿ ಬಂದಿದ್ದೇನೆ.

ಕಾಲವನ್ನು ಅಳೆಯುವುದು ಇನ್ನೊಂದು ವಿದ್ಯೆ. ಪಿಸ್ತೂಲು ಹಾರಿಸುವ ಭಾಗ್ಯ ಜಿಲ್ಲಾ ಮಟ್ಟಕ್ಕೆ ಹೋದರೆ ಮಾತ್ರ. ನಮ್ಮದು ಎರಡು ಮರದ ಹಲಗೆ ಬಡಿಯುವ ಕ್ಲಾಪರ್. ನೂರು ಮೀಟರ್ ಆಚೆ ನಿಂತ ಸಮಯಪಾಲಕ ಸದ್ದು ಕೇಳಿ ಗಡಿಯಾರ ಒತ್ತಬಾರದು. ಸದ್ದು ಅಷ್ಟು ದೂರ ಬರಲು ಸೆಕೆಂಡಿನ ಹತ್ತನೇ ಮೂರು ಭಾಗ ಹಿಡಿಯುತ್ತದೆ. ಹಲಗೆಗಳು ಕೂಡುವುದನ್ನು ಕಣ್ಣಲ್ಲಿ ಕಂಡ ಕೂಡಲೇ ಒತ್ತಬೇಕು. ಓಡಲಾಗದ ಮಕ್ಕಳಿಗೆ, ಪೋಲಿಯೊದಿಂದ ಕಾಲು ಸೊರಗಿದ ಒಬ್ಬ ಹುಡುಗನಿಗೂ, ನಾನು ಈ ಕೆಲಸ ಕಲಿಸಿದೆ. ಅವನ ಕಣ್ಣಷ್ಟು ಚುರುಕು ಯಾವ ಶಿಕ್ಷಕನಿಗೂ ಇರಲಿಲ್ಲ. ತಾಲ್ಲೂಕು ಕೂಟದಲ್ಲಿ ಬೇರೆ ಶಾಲೆಯ ಮೇಷ್ಟ್ರುಗಳು ತಕರಾರು ಬಂದಾಗ ಅವನ ಗಡಿಯಾರವನ್ನೇ ಕೇಳುತ್ತಿದ್ದರು. ಕ್ರೀಡಾಕೂಟವೆಂದರೆ ಓಡುವವರ ಕೂಟ ಮಾತ್ರವಲ್ಲ. ಸುಣ್ಣ ಹಾಕುವವರು, ದಾರ ಹಿಡಿಯುವವರು, ಗುಂಡು ಬಿದ್ದ ಗುರುತಿಗೆ ಮೊಳೆ ಚುಚ್ಚುವವರು, ಎದೆಯ ಸಂಖ್ಯೆ ಹೊಲಿಯುವವರು, ಫಲಿತಾಂಶ ಬರೆಯುವವರು, ಇಷ್ಟು ಜನ ಸರಿಯಾಗಿ ನಡೆದುಕೊಂಡರೆ ಒಂದು ಓಟ ಓಟವಾಗುತ್ತದೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಕಳೆದುಕೊಂಡದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. 55.42 ಅವರದು, 55.41 ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು ಅವರದು. ನಮ್ಮ ಶಾಲೆಯ ಕೈಗಡಿಯಾರಕ್ಕೆ ಹತ್ತನೇ ಭಾಗವೇ ಕೊನೆ, ಅದರಾಚೆ ಅದಕ್ಕೆ ಕಣ್ಣಿಲ್ಲ. ಮಕ್ಕಳು ಕೂತು ಲೆಕ್ಕ ಹಾಕಿದರು. ಆ ವೇಗದಲ್ಲಿ ನೂರನೇ ಒಂದು ಭಾಗವೆಂದರೆ ಏಳು ಸೆಂಟಿಮೀಟರ್. ನೆಲದ ಮೇಲೆ ಬೆರಳಿನಿಂದ ಏಳು ಸೆಂಟಿಮೀಟರ್ ಗೀಚಿ ನೋಡಿಕೊಂಡು ಸುಮ್ಮನಾದರು. ಅದೇ ಕೂಟದ 4×400 ರಿಲೇ ಫೈನಲ್‌ನಲ್ಲಿ ಏಳನೆಯದಾಗಿ ಬಂದ ತಂಡದಲ್ಲಿ ಉಷಾ, ವಲ್ಸಮ್ಮ, ಶೈನಿ ಅಬ್ರಹಾಂ ಅವರ ಜೊತೆ ನಮ್ಮ ವಂದನಾ ರಾವ್ ಇದ್ದರು. ಎರಡು ವರ್ಷದ ಬಳಿಕ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಆ ನಾಲ್ವರೇ ಚಿನ್ನ ತಂದರು. ಪತ್ರಿಕೆಯ ಚಿತ್ರ ಕತ್ತರಿಸಿ ಶಾಲೆಯ ಫಲಕಕ್ಕೆ ಅಂಟಿಸಿದ್ದೆ. ಬಣ್ಣಗೆಡುವವರೆಗೂ ಹುಡುಗಿಯರು ಅದನ್ನು ತೆಗೆಯಲು ಬಿಡಲಿಲ್ಲ.

ಹುಡುಗಿಯರ ಓಟಕ್ಕೆ ಬೇರೆಯದೇ ಚರಿತ್ರೆ. 1928ರ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ 800 ಮೀಟರ್ ಇಟ್ಟು, ಅವರ ಮೈ ಅದನ್ನು ತಡೆಯದೆಂದು ತೀರ್ಮಾನಿಸಿ, 1960ರವರೆಗೂ ಮತ್ತೆ ಇಡಲಿಲ್ಲ. ದೊಡ್ಡ ದೇಶಗಳ ದೊಡ್ಡವರೇ ಹಾಗೆಂದ ಮೇಲೆ ನಮ್ಮ ಹಳ್ಳಿಯ ಅಜ್ಜಿಯರನ್ನು ದೂರಿ ಏನು ಪ್ರಯೋಜನ? 1952ರ ಹೆಲ್ಸಿಂಕಿಯಲ್ಲಿ ನೀಲಿಮಾ ಘೋಷ್, ಮೇರಿ ಡಿಸೋಜಾ ಓಡಿ ಭಾರತದ ಹೆಣ್ಣುಮಕ್ಕಳಿಗೆ ಒಲಿಂಪಿಕ್ಸ್‌ ಓಟದ ಬಾಗಿಲು ತೆರೆದಿದ್ದರು. ಎಪ್ಪತ್ತರ ದಶಕದಲ್ಲಿ ನಾನು ನೌಕರಿಗೆ ಸೇರಿದಾಗ ನಮ್ಮ ಕಡೆ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡುತ್ತಿದ್ದರು. ಚಡ್ಡಿ ಹಾಕಿಸುವ ಮಾತೆತ್ತಿದರೆ ಮರುದಿನ ಶಾಲೆಯೇ ಬಿಡಿಸುತ್ತಿದ್ದರು. ಮನೆಮನೆಗೆ ಹೋಗಿ ಕೂತು ಮಾತಾಡಿದ್ದಕ್ಕೆ ಪೈಜಾಮ ಒಪ್ಪಿದರು. ಜೊತೆಗೆ ಒಬ್ಬ ಟೀಚರಮ್ಮ ಬರಬೇಕು, ಕತ್ತಲಾಗುವ ಮೊದಲು ಮನೆ ಮುಟ್ಟಿಸಬೇಕು. ಈ ಕರಾರಿಗೆ ನಾನೂ ಸಂತೋಷದಿಂದ ಒಪ್ಪಿದೆ.

ಶಿರಾದ ಮೈದಾನದಲ್ಲಿ ಧ್ವನಿವರ್ಧಕದ ಮೇಲೆ ಹುಡುಗಿಯ ಹೆಸರು ಕೂಗುವಾಗ ಬರೀ ಅವಳ ಹೆಸರು, ಎದೆಯ ಸಂಖ್ಯೆ. ಇಂಥವರ ಮಗಳು ಎಂದಿಲ್ಲ, ಇಂಥ ಮನೆಯವಳು ಎಂದಿಲ್ಲ. ಆ ಕರೆ ಕೇಳಿ ತಮ್ಮನ್ನೇ ಕೂಗಿದ್ದೆಂದು ತಿಳಿಯದೆ ಕೂತೇ ಇದ್ದ ಹುಡುಗಿಯರನ್ನು ನಾನು ನೋಡಿದ್ದೇನೆ. ಹತ್ತನೇ ತರಗತಿಯ ಒಬ್ಬಳು 800 ಮೀಟರಿನಲ್ಲಿ ಎಂದೂ ಗೆದ್ದವಳಲ್ಲ. ಆದರೆ ಮೊದಲ ಸುತ್ತನ್ನು ಎಷ್ಟು ಸೆಕೆಂಡಿಗೆ ಮುಗಿಸಬೇಕು, ಉಸಿರನ್ನು ಎಲ್ಲಿ ಉಳಿಸಿಕೊಳ್ಳಬೇಕು ಎಂದು ಅವಳಷ್ಟು ಲೆಕ್ಕವಾಗಿ ಓಡಿದವರಿಲ್ಲ. ಮದುವೆಯ ಮಾತು ಬಂದಾಗ ಪರೀಕ್ಷೆ ಮುಗಿಯಲಿ ಎಂದು ಅವಳೇ ಅಪ್ಪನೆದುರು ಹೇಳಿದಳಂತೆ. ಈಗ ನರ್ಸ್ ಆಗಿದ್ದಾಳೆ. ಓಟದಿಂದಲೇ ಆ ಧೈರ್ಯ ಬಂತು ಎಂದು ನಾನು ಹೇಳಿಕೊಳ್ಳುವುದಿಲ್ಲ. ಅವಳು ಹೇಳುತ್ತಾಳೆ.

ರಿಲೇ ಬಗ್ಗೆ ಬರೆಯದಿದ್ದರೆ ಈ ಚರಿತ್ರೆ ಅರ್ಧ. ನನ್ನ ಮೊದಲ ವರ್ಷಗಳಲ್ಲಿ ಶಾಲೆಯೊಂದರಲ್ಲಿ 4×100 ತಂಡ ಕಟ್ಟಿದೆ. ನಾಲ್ವರಲ್ಲಿ ಎಲ್ಲರಿಗಿಂತ ವೇಗದವನು ಕೇರಿಯ ಹುಡುಗ. ಅವನಿಗೆ ಬೇಟನ್ ಕೊಡಬೇಕಾದವನು ಊರೊಳಗಿನ ದೊಡ್ಡ ಮನೆಯವನು. ಅಭ್ಯಾಸದಲ್ಲಿ ಇವನು ಬೇಟನ್ನಿನ ತುತ್ತತುದಿಯನ್ನು ಎರಡು ಬೆರಳಲ್ಲಿ ಹಿಡಿದು ಚಾಚುತ್ತಿದ್ದ, ಅವನು ಅತ್ತ ತುದಿಯನ್ನು ಅಷ್ಟೇ ಎಚ್ಚರದಿಂದ ಹಿಡಿಯುತ್ತಿದ್ದ. ಕೈಗೆ ಕೈ ತಾಗಬಾರದು. ಇಬ್ಬರಿಗೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನೀರಿನ ಕೊಡದ ಹತ್ತಿರ ಹುಟ್ಟಿನಿಂದ ಕಲಿತದ್ದೇ ಅದು. ಬೇಟನ್ ಉದ್ದ ಬರೀ 30 ಸೆಂಟಿಮೀಟರ್. ಹೀಗೆ ತುದಿ ಹಿಡಿದರೆ ಅದು ಜಾರುತ್ತದೆ, ಜಾರಬಾರದೆಂದು ಇಬ್ಬರೂ ವೇಗ ತಗ್ಗಿಸುತ್ತಾರೆ, ಆಗಿದ್ದ 20 ಮೀಟರಿನ ಬದಲಾವಣೆಯ ವಲಯವೇ ಮುಗಿದುಹೋಗುತ್ತಿತ್ತು.

ನಾನು ಜಾತಿಯ ಮಾತೆತ್ತಲಿಲ್ಲ. ಗಡಿಯಾರ ಹಿಡಿದು ನಿಂತೆ. ಅವರ ರೀತಿಯಲ್ಲೇ ಓಡಿಸಿ ಸಮಯ ಹೇಳಿದೆ. ಆಮೇಲೆ ಕೊಡುವವನ ಮುಷ್ಟಿ ಪಡೆಯುವವನ ಅಂಗೈಗೆ ತಾಗುವ ಹಾಗೆ ಬೇಟನ್ನನ್ನು ಒತ್ತಿ ಇಡುವುದನ್ನು ಮಾಡಿ ತೋರಿಸಿ, ಮತ್ತೆ ಓಡಿಸಿ ಸಮಯ ಹೇಳಿದೆ. ಎರಡು ಸೆಕೆಂಡಿಗೂ ಹೆಚ್ಚು ಉಳಿದಿತ್ತು. ನಾಲ್ವರೂ ಗಡಿಯಾರದ ಮೇಲೆ ಬಗ್ಗಿದರು. ಮೂರನೇ ಸಲ ನಾನು ಹೇಳದೆಯೇ ಕೈ ಕೈಗೆ ಬಂತು. ಒಂದು ಸಂಜೆ ದೊಡ್ಡ ಮನೆಯ ಯಜಮಾನರು ಬಂದು ಬೇಲಿಯ ಹತ್ತಿರ ಬಹಳ ಹೊತ್ತು ನಿಂತು ನೋಡಿದರು. ಮಗನನ್ನು ಬಿಡಿಸಿಕೊಂಡು ಹೋಗುತ್ತಾರೆಂದು ನಾನು ಅಂಜಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ತಾಲ್ಲೂಕಲ್ಲಿ ಗೆಲ್ತಾರಾ?" ಗೆದ್ದರು. ಊರಿನ ಕೊಡಗಳು ಅದರಿಂದ ಒಂದಾದವು ಎಂದು ಬರೆದರೆ ಸುಳ್ಳಾಗುತ್ತದೆ. ಆ ಇಬ್ಬರು ಮಾತ್ರ ಆಮೇಲೆ ಒಟ್ಟಿಗೆ ಕೂತು ಉಂಡರು, ಇಂದಿಗೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ನಿಂತು ಕೆಲಸ ಮಾಡುತ್ತಾರೆ.

ಇಂಗ್ಲಿಷ್ ಶಾಲೆಗಳ ದಾರಿ ಬೇರೆ. ಬೆಂಗಳೂರಿನ ಬಿಷಪ್ ಕಾಟನ್, ಬಾಲ್ಡ್‌ವಿನ್, ಸೇಂಟ್ ಜೋಸೆಫ್ ಶಾಲೆಗಳಿಗೆ ಹೌಸುಗಳು, ಹೌಸಿಗೊಂದು ಬಣ್ಣ, ವರ್ಷಾಂತ್ಯದ ಶೀಲ್ಡು ಎಲ್ಲ ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗಳಿಂದ ಬಂದವು. ಕೋಲಾರದ ಚಿನ್ನದ ಗಣಿಯ ಊರಿನಲ್ಲೂ ಆಂಗ್ಲೋ ಇಂಡಿಯನ್ ಕುಟುಂಬಗಳ ನಡುವೆ ಆಟದ ಗಟ್ಟಿ ಪರಂಪರೆಯಿತ್ತು. ಕೋಲಾರದಲ್ಲಿ ಹುಟ್ಟಿದ ಕೆನ್ನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು, ಮರುವರ್ಷ ಅರ್ಜುನ ಪ್ರಶಸ್ತಿ ಪಡೆದರು. ಹೌಸು ಪದ್ಧತಿ ನಿಧಾನವಾಗಿ ಕನ್ನಡ ಶಾಲೆಗಳಿಗೂ ಇಳಿದು ಕಾವೇರಿ, ತುಂಗಾ, ಕೃಷ್ಣಾ ಎಂದು ಹೆಸರು ಬದಲಿಸಿಕೊಂಡಿತು. ಒಳ್ಳೆಯದೇ ಆಯಿತು. ಗೆಲ್ಲಲಾಗದ ಮಗುವೂ ತನ್ನ ಹೌಸಿಗೆ ಒಂದು ಅಂಕ ತರಬಹುದು.

ಎತ್ತರ ಜಿಗಿತದಲ್ಲಿ ನಮ್ಮ ಹಳ್ಳಿಗಳು ಹಿಂದೆ ಬಿದ್ದ ಕಾರಣ ಮಕ್ಕಳ ಕಾಲಿನಲ್ಲಿರಲಿಲ್ಲ, ನೆಲದಲ್ಲಿತ್ತು. 1968ರ ಮೆಕ್ಸಿಕೊದಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗಾಗಿ ಹಾರಿ 2.24 ಮೀಟರ್ ದಾಟಿ ಲೋಕದ ಜಿಗಿತವನ್ನೇ ಬದಲಾಯಿಸಿದರು. ಹಾಗೆ ಬೆನ್ನ ಮೇಲೆ ಬೀಳಲು ದಪ್ಪ ಮೆತ್ತೆ ಬೇಕು. ನಮ್ಮಲ್ಲಿದ್ದದ್ದು ಹಳ್ಳದ ಮರಳಿನ ಗುಂಡಿ. ಅಲ್ಲಿ ಬೆನ್ನ ಮೇಲೆ ಬಿದ್ದರೆ ಕತ್ತು ಉಳಿಯುವುದಿಲ್ಲ. ಆದ್ದರಿಂದ ನಮ್ಮ ಮಕ್ಕಳು ಕತ್ತರಿಯ ಹಾಗೆ ಕಾಲಾಡಿಸುವ ಹಳೆಯ ಜಿಗಿತದಲ್ಲೇ ಉಳಿದರು. ಮಂಗಳೂರಿನ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಬರೆದು ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ, ಮೆತ್ತೆಯೇ ಕಾಣದೆ ಹೋದ ನನ್ನ ಹಳೆಯ ಹುಡುಗಿಯರ ನೆನಪಾಯಿತು.

ಎಂಬತ್ತರ ದಶಕದಿಂದ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಕ್ರೀಡಾ ಪ್ರಾಧಿಕಾರ ಬಂತು, ಕ್ರೀಡಾ ವಸತಿ ನಿಲಯಗಳು ಬಂದವು, ವೃತ್ತಿಶಿಕ್ಷಣಕ್ಕೆ ಕ್ರೀಡಾ ಕೋಟಾ ಬಂತು. ಇವುಗಳಿಂದ ಬಡ ಮಕ್ಕಳಿಗೆ ಊಟ, ಕೋಚು, ನೌಕರಿ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದನ್ನು ಕಡೆಗಣಿಸಲಾರೆ. ಕೊಡಗಿನಲ್ಲಿ ಓಟಗಾರ್ತಿ ಅಶ್ವಿನಿ ನಾಚಪ್ಪ ಗೋಣಿಕೊಪ್ಪಲಿನ ಬಳಿ ಓದನ್ನೂ ಆಟವನ್ನೂ ಒಂದೇ ಅಂಗಳದಲ್ಲಿ ಕೂಡಿಸಿ ಶಾಲೆ ಕಟ್ಟಿದರು. ಅಂಥ ಪ್ರಯತ್ನಗಳು ಇನ್ನಷ್ಟು ಬೇಕು. ಆದರೆ ಹೆಚ್ಚಿನ ಕಡೆ ಆದದ್ದೇನು? ಚುರುಕಾದ ಒಂದು ಮಗುವನ್ನು ಆರಿಸಿ ಹಾಸ್ಟೆಲಿಗೆ ಕಳಿಸಿದ ಮೇಲೆ ಉಳಿದವರ ಆಟದ ಪೀರಿಯಡ್ಡು ಗಣಿತಕ್ಕೆ ಹೋಯಿತು. ಸಮಗ್ರ ಪ್ರಶಸ್ತಿ, ವೀರಾಗ್ರಣಿ ಪ್ರಶಸ್ತಿಗಳ ಹಿಂದೆ ಬಿದ್ದ ಶಾಲೆಗಳು ವಯಸ್ಸಿನ ಕಾಗದ ತಿದ್ದಲು ಶುರು ಮಾಡಿದವು. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ದಾಖಲಾತಿಯ ದಿನ ಹೆಡ್ ಮೇಷ್ಟ್ರು ಜೂನ್ 1 ಎಂದು ಬರೆಯುತ್ತಿದ್ದರು. ಆ ಕಾಲದ ಒಂದು ತರಗತಿಯ ಹಾಜರಿ ತೆಗೆದರೆ ಅರ್ಧ ಜನರ ಹುಟ್ಟುಹಬ್ಬ ಒಂದೇ ದಿನ. ಅದು ಅರಿವಿಲ್ಲದ್ದು, ಯಾರನ್ನೂ ಮೋಸ ಮಾಡಲಿಕ್ಕಲ್ಲ. ಈಗ 17ರ ಹುಡುಗನನ್ನು 14ರ ಸಾಲಿನಲ್ಲಿ ನಿಲ್ಲಿಸುವುದು ಅರಿತೇ ಮಾಡುವ ಕಳ್ಳತನ. ಸ್ಟ್ಯಾಗರ್ ಗೆರೆಯನ್ನು ಒಂದು ಗೇಣು ಸರಿಸಿದರೆ ನಾನು ಇಡೀ ಟ್ರ್ಯಾಕ್ ಅಳಿಸಿ ಹೊಸದಾಗಿ ಹಾಕಿಸುತ್ತಿದ್ದೆ. ಮೂರು ವರ್ಷ ಸರಿಸುವವರನ್ನು ಶಿಕ್ಷಕರೆಂದು ಹೇಗೆ ಕರೆಯಲಿ?

2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದು ಬರೆದಿದೆ. ಹಿರಿಯ ಪ್ರಾಥಮಿಕ ಹಂತದಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕೆಂದೂ ಬರೆದಿದೆ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಹಳ್ಳಿಯ ಶಾಲೆಗಳ ಮಾತು ಅಲ್ಲಿಲ್ಲ. ಆ ಮಕ್ಕಳಿಗೂ ಕಾಲುಗಳಿವೆ. ನಾಲ್ಕೈದು ಸಣ್ಣ ಶಾಲೆಗಳಿಗೆ ಒಬ್ಬ ಮೇಷ್ಟ್ರು, ವಾರಕ್ಕೊಂದು ದಿನ ಒಂದೊಂದು ಶಾಲೆ ಎಂದಾದರೂ ಮಾಡಬಹುದು. ಹೋಬಳಿ ಕೂಟದಲ್ಲಿ ಮಕ್ಕಳನ್ನು ಹೀಟ್ಸ್‌ನಲ್ಲೇ ಮನೆಗೆ ಕಳಿಸುವ ಬದಲು, ಅರವತ್ತರ ದಶಕದ ಬಿಲ್ಲೆಯ ಪದ್ಧತಿಯನ್ನು ಮತ್ತೆ ತರಬಹುದು. ಕಳೆದ ವರ್ಷದ ತನ್ನದೇ ಸಮಯವನ್ನು ಮೀರಿಸಿದ ಪ್ರತಿ ಮಗುವಿಗೂ ಒಂದು ಬಿಲ್ಲೆ. ಖರ್ಚು ಹೆಚ್ಚಿಲ್ಲ. ಒಂದು ಗಡಿಯಾರ ಬೇಕು, ಬರೆದಿಡುವ ಪುಸ್ತಕ ಬೇಕು.

ಆ ಪುಸ್ತಕಗಳ ಬಗ್ಗೆ ಹೇಳಿ ಮುಗಿಸುತ್ತೇನೆ. ಪ್ರತಿ ಹಳೆಯ ಶಾಲೆಯ ಬೀರುವಿನಲ್ಲೂ ಕ್ರೀಡಾ ರಿಜಿಸ್ಟರುಗಳಿವೆ. ಹೀಟ್ಸ್‌ನಲ್ಲಿ ಯಾರು ಯಾವ ಲೇನಿನಲ್ಲಿ ನಿಂತರು, ಎಷ್ಟು ಸೆಕೆಂಡಿಗೆ ಬಂದರು, ಯಾವ ಊರಿನವರು ಎಂದು ನೀಲಿ ಶಾಯಿಯಲ್ಲಿ ಬರೆದಿಟ್ಟದ್ದು. ಗೆದ್ದವರಷ್ಟೇ ಅಲ್ಲ, ಆರನೆಯವರಾಗಿ ಬಂದವರ ಹೆಸರೂ ಅಲ್ಲಿದೆ. ಹಳ್ಳಿಯ ಯಾವ ಹುಡುಗಿ ಯಾವ ವರ್ಷ ಮೊದಲ ಬಾರಿಗೆ ಓಡಿದಳು ಎಂಬುದು ಬೇರೆ ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಕಟ್ಟಡ ರಿಪೇರಿಯ ಹೊತ್ತಿಗೆ ಇವನ್ನು ರದ್ದಿಗೆ ಹಾಕುವುದನ್ನು ನೋಡಿದ್ದೇನೆ, ಕೆಲವನ್ನು ಕೇಳಿ ಮನೆಗೆ ತಂದಿದ್ದೇನೆ. ಹೆಡ್ ಮೇಷ್ಟ್ರುಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲಿ ನನ್ನ ಕೋರಿಕೆ: ಮುಂದಿನ ಆಗಸ್ಟಿಗೆ ಮೊದಲು ಬೀರು ತೆಗೆದು ಅವನ್ನು ಹೊರಗಿಡಿ, ಗೆದ್ದಲು ಒದರಿ ಬಿಸಿಲಿಗೆ ಹರಡಿ, ಪುಟ ಪುಟವನ್ನೂ ಫೋಟೊ ತೆಗೆದು ಇಟ್ಟುಕೊಳ್ಳಿ.